ಗಿರಿಯಾತ್ರೆಯ ಗಂಟುಮೂಟೆ



ಒಂದು ದಿನದ ಮದುವೆಗೆ ಹೊರಟರೂ ಮೂರು ದಿನಕ್ಕಾಗುವಷ್ಟು ಬಟ್ಟೆ, ಅದರ ಮೇಲೊಂದು ತಿಂಡಿಯ ಡಬ್ಬಿ. ಇದು ನಮ್ಮವರ ಪದ್ಧತಿ. ರೈಲುಗಾಡಿಗೆ ಇದರಿಂದ ಬೇಸರವಿಲ್ಲ. ಪರ್ವತಕ್ಕೆ ಹೋಗತಕ್ಕವರ ಮಾತು ಬೇರೆ. ಅಲ್ಲಿ ಒಯ್ಯತಕ್ಕ ಸಾಮಾನೆಲ್ಲವೂ ಯಾವುದಾದರೊಂದು ಬೆನ್ನಿನ ಮೇಲೆಯೇ ಏರಬೇಕು.

ಕರ್ನಾಟಕದಲ್ಲಿ ಅತ್ಯುನ್ನತವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಡಾರ್ಜಿಲಿಂಗ್ ಸೀಮೆಯ ಸಂದಕ್‌ಫು ಶಿಖರದ ಎತ್ತರ 3,636 ಮೀಟರು. ಮೊದಲನೆಯದನ್ನು ಹತ್ತಿದ ಧೈರ್ಯದಿಂದ ನಾವು ಕೆಲವು ವರ್ಷಗಳ ಹಿಂದೆ ಎರಡನೆಯದಕ್ಕೆ ಹೊರಟೆವು. ಎತ್ತರವೇರಿದಂತೆ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಂತೆ ಉಷ್ಣತೆ ಇಳಿಯುವುದು; ಗಾಳಿ ತೆಳುವಾಗಿ, ಒಂದೊಂದು ಉಸಿರಿಗೂ ದೊರೆಯತಕ್ಕ ಪ್ರಾಣವಾಯು ಕಡಮೆಯಾಗುವುದು. ಆದುದರಿಂದ ಉಡುಪು ಹೆಚ್ಚಬೇಕು, ಹೊರೆ ತಗ್ಗಬೇಕು. ಈ ಎರಡನ್ನೂ ಹೊಂದಿಸುವುದೇ ಮೂಟೆ ಕಟ್ಟುವ ವಿದ್ಯೆ.

ಆ ವಿದ್ಯೆಯನ್ನು ನಾವು ಕಲಿತದ್ದು ನಾಚಿಕೆಪಟ್ಟು. ನಮ್ಮ ಮೂಟೆಯಲ್ಲಿ ಮೂರು ದಪ್ಪ ಪುಸ್ತಕಗಳಿದ್ದುವು, ಇಸ್ತ್ರಿ ಮಾಡಿದ ಕೋಟಿತ್ತು, ಕೋಡುಬಳೆಯ ಡಬ್ಬಿಯಿತ್ತು. ಉಣ್ಣೆಯ ಅಂಗಿಯೂ ಇತ್ತು. ಆದರೆ ಎಲ್ಲಕ್ಕೂ ಅಡಿಯಲ್ಲಿ. ಅದನ್ನು ಹೊತ್ತ ಹುಡುಗನು ಹಿಂದೆ ಬಿದ್ದನು. ನಾವು ಹತ್ತಿಯ ಷರ್ಟಿನಲ್ಲಿ ಬೆವರುತ್ತ ಮುಂದೆ ನಡೆದೆವು. ಮಧ್ಯಾಹ್ನ ಮಂಜು ಕವಿದು ಮಳೆ ಹಿಡಿಯಿತು. ತೊಯ್ದ ಹತ್ತಿಬಟ್ಟೆ ಮೈಯ ಬಿಸಿಯನ್ನೆಲ್ಲ ಹೀರಿತು. ಹಲ್ಲುಗಳು ಕಟಕಟಿಸಿ ಮಾತು ತೊದಲತೊಡಗಿತು. ಬಹಳ ಹೊತ್ತಿನ ಮೇಲೆ ಬಂದ ಆ ಹುಡುಗನು, ಮೂಟೆಯನ್ನು ಬಿಚ್ಚುವ ಮುನ್ನ, ತಾನು ಹೊದೆದಿದ್ದ ಕಂಬಳಿಯನ್ನು ತೆಗೆದು ನಮಗೆ ಹೊದಿಸಿದನು. ಅನಂತರ ಅಂಗಿಯನ್ನು ಹುಡುಕುತ್ತ ನಮ್ಮ ಪುಸ್ತಕಗಳನ್ನು ಒಂದೊಂದಾಗಿ ಬಂಡೆಯ ಮೇಲಿಟ್ಟನು. ಅವನೇನೂ ಆಡಲಿಲ್ಲ. ನಮ್ಮ ಆಸೆಯ ಭಾರವೇ ಅವನನ್ನು ತಡೆದಿತ್ತೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಂದಿನಿಂದ ನಮಗೆ ಕೆಲವು ನಿಯಮಗಳುಂಟು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಉಣ್ಣೆಯು ತೊಯ್ದರೂ ಅಷ್ಟಿಷ್ಟು ಬಿಸಿಯನ್ನು ಉಳಿಸಿಕೊಳ್ಳುವುದು. ದಪ್ಪನೆಯ ಒಂದೇ ಅಂಗಿಗಿಂತ ತೆಳುವಾದ ಎರಡು ಮೂರು ಲೇಸು. ಸೆಕೆಯಾದಾಗ ಒಂದನ್ನು ಕಳಚಬಹುದು. ಬೂಟುಗಳನ್ನು ಮನೆಯಲ್ಲಿಯೇ ಕೆಲವು ವಾರ ಮೆಟ್ಟಿ ಪಳಗಿಸಿರಬೇಕು. ಮಳೆಯಂಗಿ, ಒಣಗಿದ ಕಾಲುಚೀಲ, ನೀರು, ಒಂದಿಷ್ಟು ಬೆಲ್ಲ ಮತ್ತು ಕಡಲೆಕಾಯಿ, ಬ್ಯಾಟರಿ, ಔಷಧಿ, ಇವು ನಮ್ಮ ಬೆನ್ನಿನ ಚೀಲದಲ್ಲಿಯೇ, ಕೈಗೆ ಸಿಕ್ಕುವಂತಿರಬೇಕು. ಪ್ರಾಣವನ್ನು ಕಾಯತಕ್ಕ ವಸ್ತುವನ್ನು ಪರರ ಬೆನ್ನಿಗೆ ಒಪ್ಪಿಸಲಾಗದು.

ಸಾಮಾನಿನ ಯೋಗ್ಯತೆ ತೂಕದಲ್ಲಿಲ್ಲ. 1924ನೆಯ ಜೂನ್ 4ರಂದು ಎವರೆಸ್ಟಿನ ಮೇಲೆ ಸುಮಾರು 8,570 ಮೀಟರಿನವರೆಗೆ ಏರಿದ ನಾರ್ಟನ್ನನು ದಾರಿಯಲ್ಲಿ ಕಪ್ಪು ಕನ್ನಡಕವನ್ನು ತೆಗೆದಿದ್ದನು. ಆ ಎತ್ತರದ ಬೆಳಕಿನ ಹೊಡೆತಕ್ಕೆ ಅವನ ಕಣ್ಣುಗಳು ಅಂದಿನ ರಾತ್ರಿಯೇ ಕತ್ತಲಾಗಿ, ಮತ್ತೆ ಕಾಣುವುದಕ್ಕೆ ಎರಡು ದಿನಗಳಿಗೂ ಹೆಚ್ಚು ಹಿಡಿಯಿತು. ಒಂದು ಕನ್ನಡಕದ ಭಾರವೆಷ್ಟು!

ಚೀಲದಲ್ಲಿ ಹಿಡಿಸದ ಸಾಮಾನೊಂದುಂಟು, ಅದು ಸಾವಧಾನ. 3,000 ಮೀಟರನ್ನು ದಾಟಿದಮೇಲೆ, ಹಿಂದಿನ ರಾತ್ರಿ ಮಲಗಿದ್ದ ಎಡೆಗಿಂತ 500 ಮೀಟರಿಗೂ ಮೇಲೆ ಮಲಗದಿರುವುದು ಕ್ಷೇಮ. ತಲೆನೋವು, ವಾಕರಿಕೆ ಕಂಡರೆ ಮೇಲೇರಬಾರದು. ಅವು ಹೆಚ್ಚಿದರೆ ಇಳಿಯಬೇಕು. ರಜೆಯ ದಿನಗಳನ್ನು ಎಣಿಸಿ ಕಟ್ಟಿದ ಮೂಟೆಯಲ್ಲಿ ಇದಕ್ಕೆ ಎಡೆಯಿರುವುದಿಲ್ಲ.

ಕಟ್ಟಿದ ಮೂಟೆಯನ್ನು ಹೊರಡುವ ಮುನ್ನಾದಿನ ಮತ್ತೊಮ್ಮೆ ಬಿಚ್ಚಿರಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದಿಲ್ಲದಿದ್ದರೆ ಕೇಡುಂಟೆ? ಇದನ್ನು ಹೊರತಕ್ಕವರು ಯಾರು? ನಮ್ಮ ಪುಸ್ತಕಗಳು ಈಗ ಮನೆಯಲ್ಲಿಯೇ ಉಳಿಯುತ್ತವೆ.