ಆಲಸ್ಯವಲ್ಲ, ವ್ಯಾಧಿ

ಕೊರಳಿನ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯುಂಟು. ಅದರ ರಸವು ಕುಂದಿದರೆ ದೇಹವೆಲ್ಲವೂ ಮಂದವಾಗುವುದು. ಎಡೆಬಿಡದ ಆಯಾಸ, ಇತರರಿಗಿಲ್ಲದ ಚಳಿ, ಮಲಬದ್ಧತೆ, ಒಣಗಿದ ಚರ್ಮ, ಕೂದಲುದುರುವಿಕೆ, ಮುಖದ ಊತ, ಗಡಸು ದನಿ, ಮರೆವು, ಸ್ತ್ರೀಯರಲ್ಲಿ ಅಧಿಕ ರಜಸ್ಸ್ರಾವ, ಇವು ಅದರ ಕುರುಹುಗಳು. ಮೆಲ್ಲಮೆಲ್ಲನೆ ತೋರುವುದರಿಂದ ಇವನ್ನು ಸೊಸೆಯಲ್ಲಿ ಸೋಮಾರಿತನವೆಂದೂ ವೃದ್ಧರಲ್ಲಿ ಬರಿಯ ಮುಪ್ಪೆಂದೂ ಮನೆಯವರು ಎಣಿಸುವುದುಂಟು.

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆಯವರು ಈ ವ್ಯಾಧಿಯುಳ್ಳ 46 ವರ್ಷದ ಸ್ತ್ರೀಗೆ ಕುರಿಯ ಗ್ರಂಥಿಯ ಸತ್ತ್ವವನ್ನು ಕೊಟ್ಟರು. ಆಕೆ ಮುಂದೆ 28 ವರ್ಷ ಬಾಳಿದಳು. ಈಗ ರಕ್ತಪರೀಕ್ಷೆಯಿಂದ ರೋಗವು ಗೊತ್ತಾಗುವುದು. ವೈದ್ಯರು ಗೊತ್ತುಮಾಡಿದ ನಿತ್ಯದ ಗುಳಿಗೆಯಿಂದ ಹತೋಟಿಗೆ ಬರುವುದು. ಗುಣವಾಯಿತೆಂದು ತಾನಾಗಿ ಔಷಧವನ್ನು ಬಿಡಲಾಗದು.

ಆದುದರಿಂದ ಕೆಲಸಕ್ಕೆ ಕೈಯೇಳದವರನ್ನು ಜರೆಯುವುದಕ್ಕೆ ಮುಂಚೆ ವೈದ್ಯರಿಗೆ ತೋರಿಸುವುದೇ ಧರ್ಮವು.