ಮಾಸ್ಕೋದಲ್ಲಿ ಗೆದ್ದ ಟೆಕ್ಸಾಸಿನ ತರುಣ

ಸಂಗೀತದ ಪಂದ್ಯವೊಂದು ರಾಜಕೀಯದ ಅಖಾಡವಾದ ಕಥೆ ಇದು, ಕೇಳಿ. 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿಸಿ ಸೋವಿಯತ್ ಒಕ್ಕೂಟ ಅಮೆರಿಕವನ್ನು ಬೆಚ್ಚಿಬೀಳಿಸಿತ್ತು. ವಿಜ್ಞಾನದಲ್ಲಷ್ಟೇ ಅಲ್ಲ, ಕಲೆಯಲ್ಲೂ ತಾವೇ ಮುಂದು ಎಂದು ತೋರಿಸಬೇಕಿತ್ತು. 1958ರ ವಸಂತದಲ್ಲಿ ಮಾಸ್ಕೋದಲ್ಲಿ ಮೊದಲ ಚೈಕೋವ್‌ಸ್ಕಿ ಸ್ಪರ್ಧೆ ಏರ್ಪಟ್ಟಿತು. ಪಿಯಾನೊ ವಿಭಾಗದ ತೀರ್ಪುಗಾರರ ಅಧ್ಯಕ್ಷ ಎಮಿಲ್ ಗಿಲೆಲ್ಸ್; ಜೊತೆಗೆ ಸ್ವ್ಯಾತೊಸ್ಲಾವ್ ರಿಕ್ಟರ್‌ರಂಥ ಘಟಾನುಘಟಿಗಳು. ಬಹುಮಾನ ಮನೆಯಲ್ಲೇ ಉಳಿಯುತ್ತದೆಂದು ಅನೇಕರು ಎಣಿಸಿದ್ದರು.

ಎಣಿಕೆ ತಪ್ಪಿಸಿದವರು ಟೆಕ್ಸಾಸಿನಲ್ಲಿ ಬೆಳೆದ, 23 ವರ್ಷದ ವ್ಯಾನ್ ಕ್ಲೈಬರ್ನ್. ಅವರ ಗುರು ರೊಸೀನಾ ಲೆವಿನ್ ಮಾಸ್ಕೋ ಸಂಗೀತಶಾಲೆಯಲ್ಲೇ ಕಲಿತವರು. ಹಾಗಾಗಿ ಈ ಅಮೆರಿಕನ್ನನ ಬೆರಳುಗಳಲ್ಲಿ ರಷ್ಯನ್ನರಿಗೆ ಕೇಳಿಸಿದ್ದು ತಮ್ಮದೇ ಹಳೆಯ ಬಾನಿ! ಕೊನೆಯ ಸುತ್ತಿನಲ್ಲಿ ಚೈಕೋವ್‌ಸ್ಕಿಯ ಮೊದಲ ಕನ್ಚೆರ್ಟೊ, ರಾಖ್ಮಾನಿನೊವ್‌ರ ಮೂರನೆಯದು ನುಡಿಸಿದಾಗ ಸಭಾಂಗಣ ಎದ್ದು ನಿಂತಿತು. ಶತ್ರುದೇಶದವನಿಗೆ ಪ್ರಶಸ್ತಿ ಕೊಡುವುದು ಹೇಗೆ? ಪ್ರಶ್ನೆ ಕ್ರುಶ್ಚೇವ್‌ವರೆಗೂ ಹೋಯಿತು. ಅವನೇ ಶ್ರೇಷ್ಠನಾಗಿದ್ದರೆ ಕೊಡಿ ಎಂದರಂತೆ ಅವರು. ಮರಳಿ ಬಂದ ಕ್ಲೈಬರ್ನ್‌ರನ್ನು ನ್ಯೂಯಾರ್ಕ್ ಕಾಗದದ ಚೂರುಗಳ ಮಳೆಗರೆದು ಮೆರವಣಿಗೆಯಲ್ಲಿ ಕರೆದೊಯ್ದಿತು. ಪಿಯಾನೊ ವಾದಕರಿಗೆ ಅಂಥ ಗೌರವ ಹಿಂದೆಂದೂ ಸಂದಿರಲಿಲ್ಲ.

ಎಲ್ಲರೂ ಹೇಳುವುದು ಇಷ್ಟೇ. ಎರಡನೆಯ ಬಹುಮಾನದ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅದನ್ನು ಸೋವಿಯತ್ ವಾದಕ ಲೆವ್ ವ್ಲಾಸೆಂಕೊ ಹಾಗೂ ಚೀನಾದ ಲಿಯು ಶಿಕುನ್ ಹಂಚಿಕೊಂಡರು. ಲಿಯು ಆಗ ಇನ್ನೂ 19ರ ಹುಡುಗ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ ಚೀನಾದಲ್ಲಿ ಪಾಶ್ಚಾತ್ಯ ಸಂಗೀತವೇ ಅಪರಾಧವಾಯಿತು. ಲಿಯು ಅವರನ್ನು ತೋಳಿನ ಮೂಳೆ ಬಿರಿಯುವಂತೆ ಹೊಡೆದರು, ವರ್ಷಗಟ್ಟಲೆ ಸೆರೆಯಲ್ಲಿಟ್ಟರು. ಅಲ್ಲಿ ಪಿಯಾನೊ ಎಲ್ಲಿಂದ ಬರಬೇಕು? ಮನಸ್ಸಿನಲ್ಲೇ ಸಾಧನೆ ನಡೆಯಿತು. 1970ರ ದಶಕದಲ್ಲಿ ಅದೇ ಕೈಗಳಿಂದ ಅವರು ಮತ್ತೆ ವೇದಿಕೆಯ ಮೇಲೆ ನುಡಿಸಿದರು.