ಸ್ಕೂಲ್ ಬಿಡಿಸೋ ಮೊದಲು ಒಂದು ಲೆಕ್ಕ ಹಾಕಿ

ಜಯನಗರ, ಜೆಪಿ ನಗರ, ಬನಶಂಕರಿ ಕಡೆಯ ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಪ್ರಶ್ನೆ ಆಗಾಗ ಬರ್ತಾನೇ ಇರುತ್ತೆ. ಮಗುನ ಸ್ಕೂಲಿಗೇ ಕಳಿಸಬೇಕಾ? ಮನೆಯಲ್ಲೇ ಓದಿಸಿದ್ರೆ ಆಗಲ್ವಾ?

ಬಿಟಿಎಂ ಲೇಔಟ್‌ನಲ್ಲಿರೋ ನಮ್ಮಕ್ಕನೂ ಈಗ ಇದೇ ಯೋಚನೆಯಲ್ಲಿದ್ದಾಳೆ. ಮಗಳು ಮೂರನೇ ಕ್ಲಾಸು. ಬೆಳಗ್ಗೆ ಏಳಕ್ಕೆ ವ್ಯಾನು, ವಾಪಸ್ ಬರೋದು ಸಂಜೆ, ಆಮೇಲೆ ಹೋಮ್‌ವರ್ಕು. ಜೂನ್ ಒಳಗೆ ತೀರ್ಮಾನ ಆಗಬೇಕು. ಹಾಗಾಗಿ ಇದು ನಮ್ಮ ಮನೆಯದ್ದೇ ವಿಷಯ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆನ್‌ಲೈನ್ ಸ್ಕೂಲ್, ಹೋಮ್‌ಸ್ಕೂಲಿಂಗ್ ಎರಡೂ ಒಂದೇ ಅಲ್ಲ. ಆನ್‌ಲೈನ್‌ನಲ್ಲಿ ಟೀಚರ್ ಇರ್ತಾರೆ, ಟೈಮ್‌ಟೇಬಲ್ ಇರುತ್ತೆ, ಕ್ಲಾಸ್ ಮಾತ್ರ ಸ್ಕ್ರೀನ್ ಮೇಲೆ. ಹೋಮ್‌ಸ್ಕೂಲಿಂಗ್‌ನಲ್ಲಿ ಏನು ಕಲಿಸಬೇಕು, ಯಾವಾಗ, ಹೇಗೆ ಅನ್ನೋದೆಲ್ಲ ಮನೆಯವರದ್ದೇ ಜವಾಬ್ದಾರಿ.

ಆನ್‌ಲೈನ್ ಹೇಗಿರುತ್ತೆ ಅಂತ ನಮ್ಮ ರಾಜ್ಯ ಒಂದು ಸಲ ನೋಡಿಬಿಟ್ಟಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಸರ್ಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸ್‌ವರೆಗೆ ಆನ್‌ಲೈನ್ ಪಾಠ ಬೇಡ ಅಂತು. ಕೆಲವು ಪೋಷಕರು ಕೋರ್ಟಿಗೆ ಹೋದ್ರು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೆ ಫೋನ್, ನೆಟ್ ಇಲ್ಲದ ಮಕ್ಕಳಿಗೆ ಏನು ಮಾಡೋದು? ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯ್ತು. ಸರ್ಕಾರಿ ಶಾಲೆ ಮೇಷ್ಟ್ರುಗಳೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡಿದ್ರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸ್ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ.

ಆಗ ಸಣ್ಣ ಮಕ್ಕಳ ಕ್ಲಾಸ್ ನಡೆಯೋವಾಗ ಪಕ್ಕದಲ್ಲಿ ಯಾರು ಕೂತಿರ್ತಿದ್ರು ನೆನಪಿದೆಯಾ? ಹೆಚ್ಚಿನ ಮನೆಗಳಲ್ಲಿ ಅಮ್ಮ, ಇಲ್ಲಾಂದ್ರೆ ಅಜ್ಜಿ. ಪಾಠ ಸ್ಕ್ರೀನ್‌ನಿಂದ ಬಂದರೂ ಮಗುನ ಕೂರಿಸೋ ಕೆಲಸ ಮನೆಯವರದ್ದೇ ಆಗಿತ್ತು.

ಹೋಮ್‌ಸ್ಕೂಲಿಂಗ್‌ಗೆ ಕಾನೂನು ಏನನ್ನುತ್ತೆ? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನ ಶಾಲೆಗೆ ಸೇರಿಸೋದು ಪೋಷಕರ ಕರ್ತವ್ಯ ಅನ್ನುತ್ತೆ. ಆದರೆ ಸೇರಿಸದ ಪೋಷಕರಿಗೆ ಶಿಕ್ಷೆ ಅಂತ ಅದರಲ್ಲಿ ಇಲ್ಲ. ಹೋಮ್‌ಸ್ಕೂಲಿಂಗ್ ಮಾಡೋರು ಈ ಸಂದಿನಲ್ಲೇ ನಡೀತಾ ಇದ್ದಾರೆ. ಮುಂದಿನ ದಾರಿ ಎನ್‌ಐಒಎಸ್, 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 14 ವರ್ಷ ತುಂಬಿದ ಮೇಲೆ ಅಲ್ಲಿ ಹತ್ತನೇ ಕ್ಲಾಸಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು, ಎಲ್ಲವನ್ನೂ ಒಂದೇ ಸಲ ಬರೀಬೇಕಂತಿಲ್ಲ.

ಈಗ ನಾನು ಓದಿದ ಬಿಕಾಂ ಸ್ವಲ್ಪ ಉಪಯೋಗಿಸ್ತೀನಿ. "ಫೀಸ್ ಉಳಿಯುತ್ತೆ" ಅಂತಾರಲ್ಲ, ಆ ಲೆಕ್ಕ ಅರ್ಧ ಮಾತ್ರ. ಉದಾಹರಣೆಗೆ, ಸ್ಕೂಲ್ ಫೀಸ್ ವರ್ಷಕ್ಕೆ 1 ಲಕ್ಷ 20 ಸಾವಿರ ಅಂದ್ಕೊಳ್ಳಿ. ಮಗುಗೆ ಕಲಿಸೋಕೆ ಒಬ್ಬರು 35 ಸಾವಿರದ ಕೆಲಸ ಬಿಟ್ಟರೆ ವರ್ಷಕ್ಕೆ ಹೋಗೋದು 4 ಲಕ್ಷ 20 ಸಾವಿರ. ಉಳಿತಾಯ ಎಲ್ಲಿ ಬಂತು? 3 ಲಕ್ಷ ಕೈಬಿಟ್ಟ ಹಾಗಾಯ್ತು. ಜೊತೆಗೆ ಪಿಎಫ್, ಪ್ರಮೋಷನ್, ಐದು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕೋ ಕಷ್ಟ. ನಮ್ಮ ಮನೆಗಳಲ್ಲಿ ಆ "ಒಬ್ಬರು" ಸಾಮಾನ್ಯವಾಗಿ ಯಾರು ಅಂತ ನಾನು ಬಿಡಿಸಿ ಹೇಳಬೇಕಾ? ನಮ್ಮ ಭಾವನಿಗೂ ಇದನ್ನೇ ಕೇಳಿದೆ. "ನೀವು ಬಿಡ್ತೀರಾ ಭಾವ?" ಅಂದೆ. ನಕ್ಕು ಸುಮ್ಮನಾದ್ರು.

ಹಾಗಂತ ಸ್ಕೂಲೇ ಸ್ವರ್ಗ ಅಂತಿಲ್ಲ. ಕಿರುಕುಳ ತಡೆಯೋಕಾಗದೆ ದಿನಾ ಹೊಟ್ಟೆನೋವು ಅನ್ನೋ ಮಗು ಇದೆ. ಎಲ್ಲರ ವೇಗದಲ್ಲಿ ಓದೋಕಾಗದ ಮಗು ಇದೆ. ಅಂಥವರಿಗೆ ಮನೆಯೇ ಒಳ್ಳೇದಾಗಬಹುದು. ಆದರೆ ಸ್ಕೂಲ್ ಸದ್ದಿಲ್ಲದೆ ಮಾಡೋ ಕೆಲಸಗಳೂ ಇವೆ. ನಾವು ಆರಿಸದ ಮಕ್ಕಳ ಜೊತೆ ಹೊಂದ್ಕೊಂಡು ಹೋಗೋದು ಒಂದು. ಮನೆಯಲ್ಲಿ ಹೇಳೋಕಾಗದ್ದನ್ನ ಹೇಳೋಕೆ ಹೊರಗಿನ ದೊಡ್ಡವರೊಬ್ಬರು ಸಿಗೋದು ಇನ್ನೊಂದು. ಕನ್ನಡವನ್ನೂ ಮರೀಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಶಾಲೆಯಲ್ಲಿ ಕನ್ನಡ ಕಲಿಸಲೇಬೇಕು. ಮನೆಯಲ್ಲಿ ಓದಿಸಿದ್ರೆ ಮಗುಗೆ ಕನ್ನಡ ಓದೋಕೆ ಬರೆಯೋಕೆ ಕಲಿಸೋದೂ ನಿಮ್ಮದೇ ಕೆಲಸ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಟಿಸಿ ತಗೊಳ್ಳೋ ಮೊದಲು ಬೇಸಿಗೆ ರಜೆಯಲ್ಲಿ ಮೂರು ವಾರ ಮಾಡಿ ನೋಡು. ಬೆಳಗ್ಗೆ ಎರಡು ಗಂಟೆ ಪಾಠ, ಸಂಜೆ ಬೇರೆ ಮಕ್ಕಳ ಜೊತೆ ಆಟ. ಒಂದು ವಾರ ನೀನು, ಒಂದು ವಾರ ಭಾವ, ಒಂದು ವಾರ ಇಬ್ಬರೂ. ಮೂರನೇ ವಾರದ ಕೊನೆಗೆ ಮಗಳನ್ನೂ ಕೂರಿಸಿಕೊಂಡು ಕೇಳು.

ನೀವೂ ಈ ಯೋಚನೆಯಲ್ಲಿದ್ರೆ, ಯಾವ ಸಿಲಬಸ್, ಯಾವ ಆ್ಯಪ್ ಅಂತ ಹುಡುಕೋ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಡಿ. ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಮಗುವಿನ ಜೊತೆ ಯಾರಿರ್ತಾರೆ? ಮುಂದಿನ ವರ್ಷವೂ ಅವರೇ ಇರ್ತಾರಾ? ಅದಕ್ಕೆ ಅವರು ಮನಸಾರೆ ಒಪ್ಪಿದ್ದಾರಾ? ಉತ್ತರ ಇದ್ರೆ ಧೈರ್ಯವಾಗಿ ಮುಂದೆ ಹೋಗಿ. ಇಲ್ಲಾಂದ್ರೆ ಸದ್ಯಕ್ಕೆ ವ್ಯಾನ್ ಬರಲಿ ಬಿಡಿ.

ನಿಮ್ಮ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.